ಹಡಗು ಹತ್ತಾಕ ರೊಕ್ಕ ಕೊಡಬ್ಯಾಡ್ರಿ

1/9
ಸುತ್ತಿ ಬಳಸಿ ಹೇಳೋದಿಲ್ಲ. ಮರ್ಚಂಟ್ ನೇವಿಯಲ್ಲಿ ಕೆಲಸ ಕೊಡಿಸ್ತೀನಿ ಅಂತ ರೊಕ್ಕ ಕೇಳೋ ಏಜೆಂಟನ ಕೈಗೆ ಒಂದು ರೂಪಾಯಿನೂ ಕೊಡಬ್ಯಾಡ್ರಿ. ಮೂರು ಲಕ್ಷ ಕೇಳಲಿ, ಐದು ಲಕ್ಷ ಕೇಳಲಿ, "ಸದ್ಯಕ್ಕ ಅಡ್ವಾನ್ಸ್ ಅಷ್ಟೇ ಕೊಡು ತಮ್ಮಾ" ಅನ್ನಲಿ, ಉತ್ತರ ಒಂದೇ: ಇಲ್ಲ.

ರಿಸಲ್ಟ್ ಬಂದ ಮೇಲೆ ನಮ್ಮ ಫೀಡ್ ತುಂಬಾ ಇದೇ ರೀಲ್ಸು. ಬಿಳಿ ಯೂನಿಫಾರ್ಮು, ನೀಲಿ ನೀರು, ಹಿಂದೆ ಸಿನಿಮಾ ಮ್ಯೂಸಿಕ್ಕು, ಮೇಲೆ ದಪ್ಪ ಅಕ್ಷರದಲ್ಲಿ "ಹತ್ತನೇ ಪಾಸ್ ಸಾಕು, ತಿಂಗಳಿಗೆ ಲಕ್ಷ". ಕೆಳಗೆ ನಮ್ಮ ಹಟ್ಟಿ, ಲಿಂಗಸುಗೂರು, ಮಸ್ಕಿ, ಸಿಂಧನೂರಿನ ಹುಡುಗರು "ಅಣ್ಣ ಡೀಟೇಲ್ಸ್" ಅಂತ ಫೋನ್ ನಂಬರ್ ಹಾಕಿರ್ತಾರ. ಆ ನಂಬರಿಗೆ ಸಂಜೆಯೊಳಗ ಫೋನ್ ಬರ್ತದ. ಆಮೇಲೆ ಅಪ್ಪನ ಪಿಎಫ್, ಅವ್ವನ ಬಂಗಾರ, ಕಾಲುವೆ ಕೆಳಗಿನ ಒಂದೆಕರೆ ಹೊಲ, ಎಲ್ಲದರ ಮಾತೂ ಬರ್ತದ.

ಫೋಟೋದಲ್ಲಿ ಇರೋದು ಹಡಗಲ್ಲ, ನಮ್ಮ ಗಣಿಯ ಶಾಫ್ಟು. ಯಾಕೆ ಅಂತ ಮೂರನೇ ಪೋಸ್ಟಿನಲ್ಲಿ ಹೇಳ್ತೀನಿ.

2/9 ಸಮುದ್ರ ದೂರ, ಹಡಗು ಹತ್ತಿರ
ನಮ್ಮೂರಿಂದ ಸಮುದ್ರ ನೋಡಬೇಕಂದ್ರ ರಾತ್ರಿಯಿಡೀ ಬಸ್ಸಿನಲ್ಲಿ ಕೂಡಬೇಕು. ಆದರೆ ಹಡಗು ನಮ್ಮ ಮನೆಯೊಳಗೇ ಅದ. ಮಿರ್ಚಿ ಭಜಿ ಕರಿಯೋ ಪಾಮ್ ಎಣ್ಣೆ ಇಂಡೋನೇಷ್ಯಾ, ಮಲೇಷ್ಯಾದಿಂದ ಹಡಗಿನಲ್ಲೇ ಬರ್ತದ. ಸಿಂಧನೂರಿನ ಭತ್ತಕ್ಕೆ ಹಾಕೋ ಪೊಟ್ಯಾಷ್ ಗೊಬ್ಬರ ಹೊರದೇಶದಿಂದ ಹಡಗಿನಲ್ಲೇ ಬರ್ತದ. ಬೈಕಿಗೆ ಹಾಕೋ ಪೆಟ್ರೋಲಿನ ಕಚ್ಚಾ ಎಣ್ಣೆನೂ ಬಹುತೇಕ ಹಾಗೇ. ಪ್ರಪಂಚದ ವ್ಯಾಪಾರದ ಸರಕಿನಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಪಾಲು ಸಾಗೋದು ನೀರಿನ ಮೇಲೆ. ಅದನ್ನು ಸಾಗಿಸುವವರು ಸುಮಾರು 19 ಲಕ್ಷ ಮಂದಿ, ಅವರಲ್ಲಿ ಭಾರತದವರ ದಂಡು ದೊಡ್ಡದು.

ಕೊರೊನಾ ಕಾಲದಲ್ಲಿ ಈ ಮಂದಿಗೆ ಏನಾಯ್ತು ಗೊತ್ತಾ? ಬಂದರುಗಳು ಬಾಗಿಲು ಹಾಕಿದವು. ಕಾಂಟ್ರ್ಯಾಕ್ಟ್ ಮುಗಿದರೂ ಸುಮಾರು 4 ಲಕ್ಷ ನಾವಿಕರು ಮನೆಗೆ ಬರಲಾಗದೆ ಹಡಗಿನಲ್ಲೇ ಸಿಕ್ಕಿಬಿದ್ದರು. ನಾವು ಮನೆಯಲ್ಲಿ ಕುಳಿತು ಆರ್ಡರ್ ಮಾಡಿದ ಮಾಲು ಮಾತ್ರ ನಿಲ್ಲಲಿಲ್ಲ.

ಹಾಗಾಗಿ ಈ ಕೆಲಸ ಕೀಳು ಅಂತ ನಾನು ಹೇಳ್ತಿಲ್ಲ. ಮರ್ಯಾದೆಯ ಕೆಲಸ. ಅದಕ್ಕೇ ಅದನ್ನ ಸಂತೆಯಲ್ಲಿ ಕೊಳ್ಳೋ ಮಾಲಿನ ಹಾಗೆ ಮಾರೋದು ನೋಡಿದ್ರ ಸಿಟ್ಟು ಬರ್ತದ.

3/9 ಗಣಿ ಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ
ಶಾಫ್ಟಿನ ಫೋಟೋ ಹಾಕಿದ್ದು ಇದಕ್ಕೆ. ಹಟ್ಟಿಯಲ್ಲಿ ಹುಟ್ಟಿದವರಿಗೆ ಶಿಫ್ಟು ಅಂದ್ರ ಏನು ಅಂತ ಗೊತ್ತು. ಕೇಜಿನಲ್ಲಿ ಇಳಿದವರು ಎಷ್ಟು, ಮೇಲೆ ಬಂದವರು ಎಷ್ಟು ಅಂತ ಲೆಕ್ಕ ಇಡೋ ಊರು ನಮ್ಮದು. 1952ರ ಗಣಿ ಕಾಯ್ದೆ ನೆಲದಡಿಯ ಕೆಲಸಕ್ಕೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅಂತ ಮಿತಿ ಹಾಕಿತು. ಅದು ಯಾರೋ ಪುಣ್ಯಾತ್ಮರು ದಾನ ಕೊಟ್ಟದ್ದಲ್ಲ, ಕೆಲಸಗಾರರು ಹೋರಾಡಿ ಪಡೆದದ್ದು.

ಈಗ ಸಮುದ್ರದ ಲೆಕ್ಕ ನೋಡ್ರಿ. ನಾವಿಕರ ಹಕ್ಕಿನ ಅಂತಾರಾಷ್ಟ್ರೀಯ ಒಪ್ಪಂದ ಅಂದ್ರ 2006ರ ಮ್ಯಾರಿಟೈಮ್ ಲೇಬರ್ ಕನ್ವೆನ್ಷನ್. ಭಾರತ ಅದನ್ನು ಒಪ್ಪಿ ಸಹಿ ಹಾಕಿದ್ದು 2015ರಲ್ಲಿ. ಅದರ ಪ್ರಕಾರ ದಿನಕ್ಕೆ 14 ಗಂಟೆ, ವಾರಕ್ಕೆ 72 ಗಂಟೆ ದುಡಿಸಬಹುದು. ಇಲ್ಲವೇ ದಿನಕ್ಕೆ ಕನಿಷ್ಠ 10, ವಾರಕ್ಕೆ ಕನಿಷ್ಠ 77 ಗಂಟೆ ವಿಶ್ರಾಂತಿ ಕೊಡಬೇಕು. ಎರಡರಲ್ಲಿ ಒಂದನ್ನು ಆಯಾ ದೇಶ ಆರಿಸಿಕೊಳ್ಳುತ್ತದೆ. ವಾರದ 168 ಗಂಟೆಯಲ್ಲಿ 77 ಕಳೀರಿ. ಉಳಿದದ್ದು 91. ಇದು ಕಾನೂನು ಮುರಿದ ಲೆಕ್ಕ ಅಲ್ಲ, ಕಾನೂನಿನ ಒಳಗಿನ ಲೆಕ್ಕ!

ಗಾಳಿಯ ಮಾತಂತೂ ನಮಗೆ ಇನ್ನೂ ಚೆನ್ನಾಗಿ ಗೊತ್ತು. ಹಡಗಿನ ಮುಚ್ಚಿದ ಕೋಣೆಗಳಲ್ಲಿ ತುಕ್ಕು, ಕಲ್ಲಿದ್ದಲು, ಕಟ್ಟಿಗೆ ಸರಕು ಸದ್ದಿಲ್ಲದೆ ಆಮ್ಲಜನಕ ತಿಂದು ಹಾಕುತ್ತವೆ. ಒಬ್ಬ ಇಳಿದು ಬೀಳ್ತಾನ. ಅವನನ್ನ ಎತ್ತಾಕ ಅಂತ ಇನ್ನೊಬ್ಬ ಮುಖಕ್ಕೆ ಏನೂ ಹಾಕಿಕೊಳ್ಳದೆ ಓಡಿ ಇಳೀತಾನ, ಅವನೂ ಬೀಳ್ತಾನ. ಇದು ರೀಲ್ಸಿನಲ್ಲಿ ಬರೋದಿಲ್ಲ.

4/9 "ತಿಂಗಳಿಗೆ ಲಕ್ಷ" ಯಾರಿಗೆ?
ಲಕ್ಷಗಟ್ಟಲೆ ಸಂಬಳ ಇರೋದು ನಿಜ. ಅದು ಪರೀಕ್ಷೆ ಬರೆದು, ಓದಿ, ವರ್ಷಗಟ್ಟಲೆ ಸಮುದ್ರದಲ್ಲಿ ಕಳೆದು ಮೇಲೆ ಬಂದ ಆಫೀಸರುಗಳಿಗೆ. ಹತ್ತನೇ ಮುಗಿಸಿ ಆರು ತಿಂಗಳ ರೇಟಿಂಗ್ ಕೋರ್ಸ್ ಮಾಡಿ ಹೋಗುವವನು ಮೊದಲ ದಿನವೇ ಕ್ಯಾಪ್ಟನ್ ಆಗೋದಿಲ್ಲ. ತುಕ್ಕು ಕೆರೀತಾನ, ಬಣ್ಣ ಹಚ್ಚತಾನ, ಹಗ್ಗ ಎಳೀತಾನ, ಡೆಕ್ ತೊಳೀತಾನ.

ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಪಳಗಿದ ನಾವಿಕನಿಗೆ, ಅಂದ್ರ ಏಬಲ್ ಸೀಮನ್‌ಗೆ, 2025ನೇ ವರ್ಷಕ್ಕೆ ಗೊತ್ತುಮಾಡಿದ್ದ ಕನಿಷ್ಠ ಮೂಲ ವೇತನ ತಿಂಗಳಿಗೆ 673 ಡಾಲರ್ ಇತ್ತು. ಓವರ್‌ಟೈಮ್ ಸೇರಿದರೆ ಹೆಚ್ಚಾಗ್ತದ, ಒಳ್ಳೆ ಕಂಪನಿ ಹೆಚ್ಚು ಕೊಡ್ತದ. ಆದರೆ ಹೊಸಬನಿಗೆ ಅದಕ್ಕಿಂತ ಕಡಿಮೆ. ಇನ್ನೊಂದು ಮಾತು, ಇದನ್ನ ಯಾವ ಏಜೆಂಟನೂ ಹೇಳೋದಿಲ್ಲ: ರೇಟಿಂಗ್‌ಗಳಿಗೆ ಸಾಮಾನ್ಯವಾಗಿ ಸಂಬಳ ನಡೆಯೋದು ಕಾಂಟ್ರ್ಯಾಕ್ಟ್ ಇರೋ ತಿಂಗಳು ಮಾತ್ರ. ಇಳಿದು ಮನೆಗೆ ಬಂದ ದಿನ ಸಂಬಳನೂ ಇಳೀತದ. ಮುಂದಿನ ಹಡಗು ಸಿಗೋವರೆಗೆ ಕೈ ಖಾಲಿ. ಹನ್ನೆರಡು ತಿಂಗಳಿಗೆ ಭಾಗ ಮಾಡಿ ಲೆಕ್ಕ ಹಾಕ್ರಿ, ಆಮೇಲೆ ಆ ಐದು ಲಕ್ಷದ ಸಾಲಕ್ಕೆ ಬಡ್ಡಿ ಸೇರಿಸ್ರಿ.

5/9 ಕಾನೂನು ಏನಂತದ
ಇದು ಸ್ಕ್ರೀನ್‌ಶಾಟ್ ತೆಗೆದುಕೊಳ್ಳೋ ಪೋಸ್ಟು.

ಅದೇ 2006ರ ಒಪ್ಪಂದ ಸ್ಪಷ್ಟವಾಗಿ ಹೇಳುತ್ತದೆ: ನಾವಿಕನಿಗೆ ಕೆಲಸ ಕೊಡಿಸುವುದಕ್ಕೆ ನಾವಿಕನಿಂದ ಶುಲ್ಕ ತೆಗೆದುಕೊಳ್ಳುವಂತಿಲ್ಲ. ಅವನು ತನ್ನ ಕೈಯಿಂದ ಹಾಕಬಹುದಾದ ಖರ್ಚು ಮೂರೇ: ಕಡ್ಡಾಯ ಮೆಡಿಕಲ್ ಸರ್ಟಿಫಿಕೇಟು, ನಾವಿಕರ ಪುಸ್ತಕ ಅಂದ್ರ ಸಿಡಿಸಿ, ಮತ್ತೆ ಪಾಸ್‌ಪೋರ್ಟು. ವೀಸಾ ಖರ್ಚು ಕೂಡ ಹಡಗಿನ ಮಾಲೀಕನದು. ಕೇಳಿಸ್ತಾ? ವೀಸಾ ಖರ್ಚೂ ಮಾಲೀಕನದು. "ವೀಸಾ ಚಾರ್ಜಸ್ ಒಂದೂವರೆ ಲಕ್ಷ" ಅಂತ ಕೇಳುವವನ ಮುಖಕ್ಕೆ ಇದನ್ನ ಹಿಡೀರಿ.

ಕೋರ್ಸ್ ಫೀಸು ಬೇರೆ ವಿಷಯ. ಸರ್ಕಾರದ ಡಿಜಿ ಶಿಪ್ಪಿಂಗ್ ಮಾನ್ಯತೆ ಇರೋ ಸಂಸ್ಥೆಗೆ ಓದಿನ ಫೀಸು ಕಟ್ಟೋದು ತಪ್ಪಲ್ಲ, ಕಾಲೇಜಿಗೆ ಕಟ್ಟಿದ ಹಾಗೆ. ಕಳ್ಳರು ಆಟ ಆಡೋದು ಇವೆರಡನ್ನ ಕಲಸಿ. ಕೋರ್ಸು, ವೀಸಾ, "ಜಾಯ್ನಿಂಗ್", ಎಲ್ಲಾ ಸೇರಿ "ಪ್ಯಾಕೇಜ್" ಅಂತಾರ. ಕೆಲಸಕ್ಕೆ ಪ್ಯಾಕೇಜ್ ಇರೋದಿಲ್ಲ ದೋಸ್ತ್ರೇ, ಟೂರಿಗೆ ಇರ್ತದ.

ಭಾರತದಲ್ಲಿ ಹಡಗಿಗೆ ಜನ ಕಳಿಸೋ ಏಜೆನ್ಸಿಗೆ ಆರ್‌ಪಿಎಸ್‌ಎಲ್ ಅನ್ನೋ ಲೈಸೆನ್ಸ್ ಇರಲೇಬೇಕು. ಯಾರಿಗೆ ಅದ, ಯಾರದು ರದ್ದಾಗ್ಯದ ಅಂತ ಡಿಜಿ ಶಿಪ್ಪಿಂಗ್ ವೆಬ್‌ಸೈಟಿನಲ್ಲಿ ನೋಡಬಹುದು. ರೀಲ್ಸ್ ನೋಡಾಕ ಇರೋ ಡೇಟಾ ಇದಕ್ಕೂ ಸಾಕು.

6/9 ರೊಕ್ಕ ಕೊಟ್ಟು ಹತ್ತಿದ ಹಡಗು ಯಾವುದು?
ಒಳ್ಳೆ ಕಂಪನಿ ರೊಕ್ಕ ಕೇಳೋದಿಲ್ಲ ಅಂದ ಮೇಲೆ ರೊಕ್ಕ ಕೊಟ್ಟವನು ಎಲ್ಲಿಗೆ ಹೋಗ್ತಾನ? ಟೂರಿಸ್ಟ್ ವೀಸಾದ ಮೇಲೆ ಗಲ್ಫಿನ ಯಾವುದೋ ಹಳೇ ಟಗ್ಗಿಗೆ, ಯಾರದು ಅಂತಲೇ ಗೊತ್ತಾಗದ ತುಕ್ಕು ಹಿಡಿದ ಹಡಗಿಗೆ. ಮಾಲೀಕ ಒಂದು ದೇಶದವನು, ಮ್ಯಾನೇಜರ್ ಇನ್ನೊಂದು ದೇಶ, ಬಾವುಟ ಮೂರನೇ ದೇಶದ್ದು. ಸಮುದ್ರವೇ ಇಲ್ಲದ ಮಂಗೋಲಿಯಾ ಕೂಡ ಹಡಗುಗಳಿಗೆ ತನ್ನ ಬಾವುಟ ಕೊಡ್ತದ! ತಕರಾರು ಬಂದ್ರ ಯಾವ ಬಾಗಿಲು ಬಡಿಯೋದು?

ಮಾಲೀಕ ಎರಡು ತಿಂಗಳು ಸಂಬಳ ಕೊಡದೆ ಕೈಬಿಟ್ಟರೆ, ಊಟ ನೀರು ಕಳಿಸದಿದ್ದರೆ, ಮನೆಗೆ ಕಳಿಸೋ ಖರ್ಚು ಹಾಕದಿದ್ದರೆ ಅದನ್ನು 'ಅಬಾಂಡನ್‌ಮೆಂಟ್' ಅಂತಾರ, ಅಂದ್ರ ನಡುನೀರಿನಲ್ಲಿ ಕೈಬಿಡೋದು. ಸಾರಿಗೆ ಕಾರ್ಮಿಕರ ಅಂತಾರಾಷ್ಟ್ರೀಯ ಒಕ್ಕೂಟ ಐಟಿಎಫ್ ಕೊಟ್ಟ ಲೆಕ್ಕದಲ್ಲಿ 2024ರಲ್ಲಿ ಹೀಗೆ ಕೈಬಿಟ್ಟ ಹಡಗುಗಳು 312, ನಾವಿಕರು 3,133. ಯಾವ ದೇಶದವರು ಎಲ್ಲಕ್ಕಿಂತ ಹೆಚ್ಚು? ಭಾರತದವರು, 899 ಮಂದಿ.

ಹಡಗಿಗೆ ಸರಿಯಾದ ವಿಮೆ ಇದ್ದರೆ ನಾಲ್ಕು ತಿಂಗಳವರೆಗಿನ ಬಾಕಿ ಸಂಬಳ, ಮನೆಗೆ ಬರೋ ಖರ್ಚು ಅದರಿಂದ ಸಿಗಬೇಕು. 2017ರಿಂದ ಆ ನಿಯಮ ಇದೆ. ಕಳ್ಳ ಹಡಗಿಗೆ ಎಲ್ಲಿಯ ವಿಮೆ? ಹಡಗು ಬಿಟ್ಟು ಇಳಿದರೆ ಸಂಬಳ ಹೋದೀತು ಅನ್ನೋ ಭಯ, ವೀಸಾ ಇಲ್ಲದ ಕಾರಣ ಬಂದರಿನ ಗೇಟು ದಾಟೋ ಹಾಗಿಲ್ಲ. ಊರಲ್ಲಿ ಸಾಲಗಾರ ಮನೆ ಮುಂದೆ. ರೊಕ್ಕ ಕೊಟ್ಟು ಹೋದವನು "ಇದು ಬ್ಯಾಡ, ನಾ ವಾಪಸ್ ಹೋಗ್ತೀನಿ" ಅನ್ನೋ ಮಾತನ್ನೂ ಮೊದಲೇ ಮಾರಿಕೊಂಡಿರ್ತಾನ. ನನ್ನ ಇಡೀ ವಾದ ಇಷ್ಟೇ.

7/9 ಸರಿಯಾಗಿ ಹೋದವರಿಗೂ ಸಮುದ್ರ ಹಗುರಲ್ಲ
ಕಾಗದಪತ್ರ ಎಲ್ಲಾ ಸರಿ ಇದ್ದವರಿಗೂ ಏನಾಗ್ತದ ನೋಡ್ರಿ.

2022ರ ಆಗಸ್ಟಿನಲ್ಲಿ ಹೀರೋಯಿಕ್ ಇದುನ್ ಅನ್ನೋ ತೈಲ ಹಡಗನ್ನು ಆಫ್ರಿಕಾದ ಈಕ್ವಟೋರಿಯಲ್ ಗಿನಿ ಹಿಡಿದು, ಆಮೇಲೆ ನೈಜೀರಿಯಾಕ್ಕೆ ಒಪ್ಪಿಸಿತು. 26 ಸಿಬ್ಬಂದಿಯಲ್ಲಿ 16 ಮಂದಿ ಭಾರತದವರು. ಬಿಡುಗಡೆ ಆಗಿದ್ದು 2023ರ ಮೇ ತಿಂಗಳಲ್ಲಿ.

2024ರ ಮಾರ್ಚ್ 26ರಂದು ಅಮೆರಿಕಾದ ಬಾಲ್ಟಿಮೋರಿನಲ್ಲಿ ಡಾಲಿ ಹಡಗು ಕರೆಂಟ್ ಹೋಗಿ ಸೇತುವೆಗೆ ಬಡೀತು. ಸೇತುವೆ ಮೇಲೆ ರಸ್ತೆ ರಿಪೇರಿ ಮಾಡ್ತಿದ್ದ ಆರು ಕೂಲಿ ಕಾರ್ಮಿಕರು ಸತ್ತರು. ಹಡಗಿನ 21 ಮಂದಿಯಲ್ಲಿ 20 ಮಂದಿ ಭಾರತದವರು. ಹಡಗಿನಿಂದ ಅಪಾಯದ ಸಂದೇಶ ಹೋದ ಕಾರಣ ಪೊಲೀಸರು ಸೇತುವೆಗೆ ಬರೋ ಗಾಡಿ ತಡೆದರು, ಎಷ್ಟೋ ಜೀವ ಉಳಿದವು. ಆದರೂ ಮೀಮ್ ಮಾಡಿ ನಕ್ಕವರು ಇದ್ದರು. ಆ ಸಿಬ್ಬಂದಿ ವಾರಗಟ್ಟಲೆ ಅದೇ ಹಡಗಿನಲ್ಲಿ ಕೂತರು, ತನಿಖೆಗೆ ಅಂತ ಅವರ ಫೋನೂ ತೆಗೆದುಕೊಂಡರು.

ಇಷ್ಟು ದೂರ ಬ್ಯಾಡ. 2025ರ ಜೂನ್ 9ರಂದು ಕೇರಳದ ಆಚೆ ವಾನ್ ಹೈ 503 ಹಡಗಿಗೆ ಬೆಂಕಿ ಬಿತ್ತು. 22 ಮಂದಿಯಲ್ಲಿ 18 ಮಂದಿಯನ್ನ ಉಳಿಸಿ ನಮ್ಮ ಮಂಗಳೂರಿಗೇ ಕರ್ಕೊಂಡು ಬಂದರು. ನಾಲ್ವರು ಕಾಣೆಯಾದರು.

ದೊಡ್ಡ ಹಡಗು, ಹೆಸರಿದ್ದ ಕಂಪನಿ, ಬೆನ್ನಿಗೆ ವಕೀಲರು, ಯೂನಿಯನ್, ಸರ್ಕಾರ ಇದ್ದಾಗ ಹೀಗೆ. ಯಾವ ರಿಜಿಸ್ಟರಿನಲ್ಲೂ ಹೆಸರಿಲ್ಲದೆ ಹೋದವನ ಗತಿ?

8/9 ನನಗೆ ಬರೋ ಡಿಎಂಗಳಿಗೆ ಉತ್ತರ
"ಎಲ್ಲರೂ ಕೊಟ್ಟೇ ಹೋಗ್ತಾರ ಬ್ರೋ." ಎಲ್ಲರೂ ಕೊಡ್ತಾರ ಅನ್ನೋ ಮಾತನ್ನ ಹಬ್ಬಿಸಿದವನು ತೆಗೆದುಕೊಳ್ಳುವವನೇ.

"ನಮ್ಮ ಪರಿಚಯದವರೇ, ಮೋಸ ಮಾಡೋದಿಲ್ಲ." ನಮ್ಮ ಕಡೆ ಇದೇ ದೊಡ್ಡ ರೋಗ. ಮೇಲಿನ ಏಜೆಂಟನ ಮುಖ ಯಾರೂ ನೋಡಿರೋದಿಲ್ಲ. ಮನೆಗೆ ಬರೋದು ಕಾಕಾ, ಮಾಮಾ ಅಂತ ಕರೆಯೋ ಮನುಷ್ಯ, ಚಹಾ ಕುಡಿದು ಕಮಿಷನ್ ತಗೊಂಡು ಹೋಗ್ತಾನ. ಪರಿಚಯ ಲೈಸೆನ್ಸ್ ಅಲ್ಲ.

"ಗಣಿಯಲ್ಲಿ ಪರ್ಮನೆಂಟ್ ಸಿಗೋದಿಲ್ಲ, ಹೊಲದಾಗ ಏನೂ ಉಳಿಯೋದಿಲ್ಲ, ಏನು ಮಾಡೋಣ?" ಇದು ಒಂದೇ ಖರೇ ಪ್ರಶ್ನೆ, ಇದಕ್ಕೆ ನಗೋ ಹಕ್ಕು ಯಾರಿಗೂ ಇಲ್ಲ. ಹೋಗ್ರಿ, ಖಂಡಿತ ಹೋಗ್ರಿ. ಪಿಯುಸಿ ಸೈನ್ಸ್ ಓದಿದವರು ಇಂಡಿಯನ್ ಮ್ಯಾರಿಟೈಮ್ ಯೂನಿವರ್ಸಿಟಿಯ ಪ್ರವೇಶ ಪರೀಕ್ಷೆ ಬರೀರಿ. ಹುಡುಗಿಯರಿಗೂ ಅದೇ ಬಾಗಿಲು ತೆರೆದದ. ರೇಟಿಂಗ್ ಆಗುವವರು ಮಾನ್ಯತೆ ಇರೋ ಸಂಸ್ಥೆಯಲ್ಲೇ ಕಲೀರಿ. ಮುಂಬಾಗಿಲು ಇರುವಾಗ ಕಿಟಕಿ ಹಾರಾಕ ಯಾಕ ರೊಕ್ಕ ಕೊಡ್ತೀರಿ?

"ನೀ ಬರೀ ಹೆದರಿಸ್ತಿ." ಹೆದರಿಸಿದ್ರ ಹೋಗಬ್ಯಾಡ ಅಂತಿದ್ದೆ. ನಾ ಹೇಳ್ತಿರೋದು ಲೆಕ್ಕ ಕೇಳಿ ಹೋಗು ಅಂತ.

9/9 ಈಗ ಮಾಡಬೇಕಾದದ್ದು
ಸಹಿ ಹಾಕೋ ಮೊದಲು ಇಷ್ಟು ಕೇಳ್ರಿ: ಏಜೆನ್ಸಿಯ ಆರ್‌ಪಿಎಸ್‌ಎಲ್ ನಂಬರ್ ಏನು? ಹಡಗಿನ ಹೆಸರು, ಐಎಂಓ ನಂಬರ್ ಏನು? ಬಾವುಟ ಯಾವ ದೇಶದ್ದು? ಕೆಲಸದ ಒಪ್ಪಂದ ಪತ್ರ ಓದಾಕ ಕೊಡ್ತಾರಾ, ಒಂದು ಪ್ರತಿ ನಮ್ಮ ಕೈಗೆ ಬರ್ತದಾ? ವೀಸಾ ಕೆಲಸದ್ದಾ, ಟೂರಿಸ್ಟಾ? ಒಂದಕ್ಕೆ ಉತ್ತರ ಬರಲಿಲ್ಲ ಅಂದ್ರೂ ಎದ್ದು ಬರ್ರಿ. ಹಡಗು ಹತ್ತಿದ ಮೇಲೆ ಯೂನಿಯನ್ ಸೇರ್ರಿ. ನಮ್ಮೂರಿನ ಹುಡುಗರಿಗೆ ಯೂನಿಯನ್ ಅಂದ್ರ ಏನು ಅಂತ ಪಾಠ ಮಾಡಬೇಕಿಲ್ಲ. ಕಷ್ಟ ಬಂದ್ರ ಡಿಜಿ ಶಿಪ್ಪಿಂಗ್, ಭಾರತದ ದೂತಾವಾಸ, ಐಟಿಎಫ್, ಮೂವರಿಗೂ ಬರೀರಿ. ಬರೆದು ಸುಮ್ಮನಿರಬ್ಯಾಡ್ರಿ, ಮನೆಯವರಿಗೂ ಪ್ರತಿ ಕಳಿಸ್ರಿ.

ಇನ್ನು ದೊಡ್ಡವರಿಗೆ ಒಂದು ಮಾತು. ಪ್ರತಿ ಏಪ್ರಿಲ್ 5ಕ್ಕೆ ರಾಷ್ಟ್ರೀಯ ಸಮುದ್ರಯಾನ ದಿನ ಅಂತ ಲಂಗರಿನ ಚಿತ್ರ ಹಾಕಿ ಶುಭಾಶಯ ಹೇಳ್ತೀರಿ. ಸಂತೋಷ. ಅದರ ಜೊತೆಗೆ ನಮ್ಮ ತಾಲೂಕಿನ ಪ್ರತಿ ಪಿಯು ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಲೈಸೆನ್ಸ್ ಇರೋ ಏಜೆನ್ಸಿಗಳ ಪಟ್ಟಿ ಕನ್ನಡದಲ್ಲಿ ಅಂಟಿಸ್ರಿ. ಮೋಸ ಹೋದವರು ಠಾಣೆಗೆ ಬಂದ್ರ "ನೀನೇ ಕೊಟ್ಟೀಯಲ್ಲ" ಅಂತ ವಾಪಸ್ ಕಳಿಸದೆ ಕೇಸ್ ಬರ್ಕೊಳ್ರಿ.

ಕ್ಲಾಸ್‌ಮೇಟ್ಸ್, ನಿಮಗೆ ಒಂದೇ ಕೆಲಸ. ಲೈಕ್ ಬ್ಯಾಡ. ಐದನೇ ಪೋಸ್ಟನ್ನ ನಿಮ್ಮ ಮನೆಯಲ್ಲಿ ಅಪ್ಪ, ಅವ್ವನಿಗೆ ಜೋರಾಗಿ ಓದಿ ಹೇಳ್ರಿ. ರೊಕ್ಕ ಹೋಗೋದು ಅವರ ಕೈಯಿಂದ. ತಡೆಯೋ ಕೈನೂ ಅದೇ. ⚓

#ಹಟ್ಟಿ #ಲಿಂಗಸುಗೂರು #ಮಸ್ಕಿ #ಸಿಂಧನೂರು #ಮರ್ಚಂಟ್‌ನೇವಿ #ರೊಕ್ಕಕೊಡಬ್ಯಾಡ್ರಿ