ಸದ್ದಿನ ಪದಗಳನ್ನು ಹೊಡೆದು ಹಾಕಬೇಡಿ

ಇಂಗ್ಲಿಷಿನಲ್ಲಿ ಹಿಂದೆ 'ಹರ್' ಎಂಬ ಕ್ರಿಯಾಪದವಿತ್ತು. ನಮ್ಮ 'ಗುರ್' ಇದ್ದ ಹಾಗೆ. ಬೆನ್ ಜಾನ್ಸನ್ ತೀರಿಕೊಂಡ ಮೇಲೆ 1640ರಲ್ಲಿ ಅಚ್ಚಾದ ಆತನ ಇಂಗ್ಲಿಷ್ ವ್ಯಾಕರಣದಲ್ಲಿ 'ಆರ್' ನಾಯಿಯ ಅಕ್ಷರ. ಅದರ ಸದ್ದು ಹೇಳುವುದು ಇದೇ ಪದದಿಂದ. ಎದೆ ಡವಡವ ಹೊಡೆದುಕೊಳ್ಳುವುದಕ್ಕೆ 'ಕ್ವಾಪ್' ಎಂಬುದಿತ್ತು. ಭಿಕ್ಷುಕರು ಮುಚ್ಚಳ ಟಕಟಕ ಬಡಿಯುತ್ತಿದ್ದ ಮರದ ಬಟ್ಟಲು 'ಕ್ಲ್ಯಾಕ್ ಡಿಶ್'. ಶೇಕ್ಸ್‌ಪಿಯರನ ನಾಟಕದಲ್ಲೂ ಅದು ಬರುತ್ತದೆ. ಬಟ್ಟಲು ಹೋಯಿತು, ಪದವೂ ಹೋಯಿತು.

ಆದರೂ 1884ರಿಂದ 1928ರವರೆಗೆ ಕಂತುಗಳಲ್ಲಿ ಬಂದ ಆಕ್ಸ್‌ಫರ್ಡ್ ನಿಘಂಟು ಇಂಥ ಸತ್ತ ಪದಗಳನ್ನು ಬಿಡಲಿಲ್ಲ. ಪಕ್ಕದಲ್ಲಿ ಒಂದು ಗುರುತು ಹಾಕಿ ಉಳಿಸಿಕೊಂಡಿತು. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟೆಲ್ ನಿಘಂಟಿನಲ್ಲೂ ನಮ್ಮ ಅನುಕರಣ ಪದಗಳು ಧಾರಾಳವಾಗಿವೆ.

ಮತ್ತೆ ನಾವು ಮೇಷ್ಟ್ರುಗಳು ಮಾಡುವುದೇನು? ಮಗು 'ಅಡಕೆ ಸೋಗೆ ದೊಪ್ಪನೆ ಬಿತ್ತು' ಎಂದು ಬರೆದರೆ, ಕೆಂಪು ಶಾಯಿಯಲ್ಲಿ 'ದೊಪ್ಪನೆ' ಹೊಡೆದು 'ಜೋರಾಗಿ' ಎಂದು ತಿದ್ದಿದವರು ನಾವೇ. ಅದು ಆಡುಮಾತು, ಪ್ರಬಂಧಕ್ಕೆ ಸಲ್ಲದು ಎಂಬ ಭ್ರಮೆ ನಮ್ಮದು.

ಕಾಸರಗೋಡಿನ ನಮ್ಮ ಮಕ್ಕಳಿಗೆ ಬೀದಿಯಲ್ಲಿ ಮಲಯಾಳ, ಬಸ್ಸಿನ ಬೋರ್ಡಿನಲ್ಲಿ ಮಲಯಾಳ. ಕನ್ನಡ ಉಳಿದಿರುವುದು ಮನೆಯಲ್ಲಿ, ಶಾಲೆಯಲ್ಲಿ. ಸದ್ದಿನ ಪದಗಳು ಅಜ್ಜಿಯ ಬಾಯಿಂದ ಬರುವಂಥವು. ಪಾಠಪುಸ್ತಕದಿಂದ ಕಲಿಯುವುದು ಕಷ್ಟ. ಕಡೆಯುವ ಕಲ್ಲು ಮೂಲೆ ಸೇರಿತು, ಬಾವಿಯ ರಾಟೆಯ ಕಿರ್ರೆಂಬ ಸದ್ದಿನ ಜಾಗಕ್ಕೆ ಪಂಪು ಬಂತು. ಅದನ್ನು ತಡೆಯಲು ನಮ್ಮಿಂದಾಗದು. ಕೆಂಪು ಪೆನ್ನನ್ನು ತಡೆಯಬಹುದಲ್ಲ?

ಮುಂದಿನ ಸಲ 'ದೊಪ್ಪನೆ' ಕಂಡರೆ ಪಕ್ಕದಲ್ಲಿ ಒಂದು ರೈಟ್ ಹಾಕೋಣ. ಏನಂತೀರಿ?