ಒಲೆಗೂ ಒಂದು ದಿನ ಸೂಟಿ

ಓದುಗ ಸೋದರಿಯರೇ, ಶಾಲೆಗೆ ಬೇಸಗೆ ಸೂಟಿ ಬಿಟ್ಟ ಕೂಡಲೇ ನಿಮ್ಮ ಮನೆಯಲ್ಲಿ ಮೊದಲು ಕೇಳಿಬರುವ ಮಾತು ಯಾವುದು, ಹೇಳಿ ನೋಡೋಣ? “ಅವ್ವಾ, ಈ ಸಲ ಯಾವ ಊರಿಗೆ ಹೋಗೂದು?” ಎಂಬುದು ತಾನೇ? ಎರಡನೆಯ ಮಾತೂ ನನಗೆ ಗೊತ್ತು: “ಅವ್ವಾ, ತಿನ್ನಲಿಕ್ಕೆ ಏನು ಮಾಡೀದಿ?” ಮಕ್ಕಳಿಗೆ ಸೂಟಿ, ಮಾಸ್ತರರಿಗೆ ಸೂಟಿ, ಕೋರ್ಟು ಕಚೇರಿಗೂ ಬೇಸಗೆ ಸೂಟಿ. ಸೂಟಿ ಬಂತೆಂದರೆ ಕೆಲಸ ಇಮ್ಮಡಿಯಾಗುವುದು ಮನೆಯಲ್ಲಿ ಒಬ್ಬಳಿಗೇ. ಅವಳು ಯಾರೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಒಗ್ಗರಣೆಗೂ ಕುಕ್ಕರಿನ ಸೀಟಿಗೂ ನಡುವೆ ಈ ಪುಟ ಓದುತ್ತಿರುವವರಿಗೆ ಅದು ಗೊತ್ತೇ ಇದೆ.

ಸೂಟಿಯ ಸವಿನೆನಪು ಎಂದರೆ ಹಲವರಿಗೆ ಊಟಿ, ಕಾಶ್ಮೀರ ನೆನಪಾಗಬಹುದು. ನನ್ನ ನೆನಪುಗಳಿರುವುದು ಬೀದರ ಜಿಲ್ಲೆಯ ಎರಡು ಊರುಗಳಲ್ಲಿ, ಹುಮನಾಬಾದ ಮತ್ತು ಬಸವಕಲ್ಯಾಣ. ನಡುವಿನದು ಅಷ್ಟೇನೂ ದೂರವಲ್ಲದ ಬಸ್ಸಿನ ದಾರಿ. ಅಷ್ಟರಲ್ಲೇ ನನ್ನ ಪ್ರಪಂಚ ಪ್ರವಾಸವೆಲ್ಲ ಮುಗಿಯಿತು ಎಂದು ನಮ್ಮ ಮನೆಯವರು ತಮಾಷೆ ಮಾಡುತ್ತಾರೆ. ಮಾಡಲಿ ಬಿಡಿ.

ನಾನು ಹುಟ್ಟಿ ಬೆಳೆದದ್ದು ಹುಮನಾಬಾದಿನಲ್ಲಿ. ಅವ್ವನ ತವರು ಬಸವಕಲ್ಯಾಣ. 1980ರ ದಶಕದ ಕೊನೆ, 90ರ ದಶಕದ ಮೊದಲ ವರ್ಷಗಳ ಮಾತು ಇದು. ಆಗ ಹುಮನಾಬಾದಿಗೆ ರೈಲು ಇರಲಿಲ್ಲ. ಬೀದರ–ಕಲಬುರಗಿ ರೈಲುಮಾರ್ಗ ಪೂರ್ತಿಯಾಗಿ ಉದ್ಘಾಟನೆಯಾದದ್ದು 2017ರ ಅಕ್ಟೋಬರ್ 29ರಂದು. ನಮಗೆ ಕೆಂಪು ಬಸ್ಸೇ ಪುಷ್ಪಕ ವಿಮಾನ. ಹೆದ್ದಾರಿ ಬಿಟ್ಟು ಸಸ್ತಾಪುರ ಬಂಗ್ಲಾದ ಹತ್ತಿರ ಬಸ್ಸು ಊರ ಕಡೆ ಹೊರಳಿತೆಂದರೆ ನಾವು ಮಕ್ಕಳು ಸೀಟಿನ ಮೇಲೆ ಎದ್ದು ನಿಲ್ಲುತ್ತಿದ್ದೆವು. ಮನೆ ಬಾಗಿಲಲ್ಲೇ ಆಯಿ ಕಾಯುತ್ತಿರುತ್ತಿದ್ದಳು. “ಬಂದ್ಯಾ ನನ್ನ ಬಂಗಾರ, ಬಿಸಲಾಗ ಎಷ್ಟು ಸೊರಗೀದಿ” ಎಂದು ನೆಟಿಗೆ ಮುರಿದು ಒಳಗೆ ಕರೆದುಕೊಂಡರೆ, ಅಲ್ಲಿಗೆ ನಮ್ಮ ಸೂಟಿ ಸುರುವಾದಂತೆ.

ಆಹಾ, ಏನು ದಿನಗಳವು! ಮುಂಜಾನೆ ಕೋಟೆಯ ಬುರುಜು ಹತ್ತಿ ತೋಪಿನ ಮೇಲೆ ಕುದುರೆ ಸವಾರಿ. ಸಂಜೆ ತ್ರಿಪುರಾಂತಕ ಕೆರೆಯ ದಂಡೆಯಲ್ಲಿ ಕಲ್ಲು ಚಿಮ್ಮುವ ಪಂದ್ಯ. ಮಧ್ಯಾಹ್ನದ ಉರಿಬಿಸಿಲಿಗೆ ಮಾಳಿಗೆಯ ಮೇಲೆ ಶಾವಿಗೆ, ಹಪ್ಪಳ, ಸಂಡಿಗೆ ಒಣಹಾಕಿದರೆ ಕಾಗೆ ಕಾಯುವ ಕೆಲಸ ನಮ್ಮದು. ಕಾಗೆಗಿಂತ ನಾವೇ ಹೆಚ್ಚು ಹಸಿ ಸಂಡಿಗೆ ತಿನ್ನುತ್ತಿದ್ದೆವು ಎಂಬುದು ಬೇರೆ ಮಾತು! ಬಸವ ಜಯಂತಿಯೂ ಬರುವುದು ಇದೇ ಸೂಟಿಯಲ್ಲಿ. ಓಣಿಯ ಹೆಣ್ಣುಮಕ್ಕಳೆಲ್ಲ ಸೇರಿ ಬಸವಣ್ಣನನ್ನು ತೊಟ್ಟಿಲಿಗೆ ಹಾಕಿ ಜೋಗುಳ ಹಾಡುವಾಗ ತೊಟ್ಟಿಲ ಹಗ್ಗ ಹಿಡಿಯಲು ನಮ್ಮೊಳಗೆ ಜಗಳ.

ಆ ಮನೆಯಲ್ಲಿ ಸೂಟಿಗೆ ಸೇರುತ್ತಿದ್ದ ಮೊಮ್ಮಕ್ಕಳು ಹದಿನಾಲ್ಕು ಜನ. ಕೋಳಿ ಕೂಗುವ ಮೊದಲೇ ಆಯಿ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ವಾರಕ್ಕೊಮ್ಮೆ ಅವಳು ನಮ್ಮನ್ನೆಲ್ಲ ಕಟ್ಟಿಕೊಂಡು ಅಕ್ಕನಾಗಮ್ಮನ ಗವಿಗೆ ಹೋಗುತ್ತಿದ್ದಳು. ಬಸವಣ್ಣನವರ ಅಕ್ಕ ನಾಗಮ್ಮನವರ ಹೆಸರಿನ ಗವಿ ಅದು. ಒಳಗೆ ತಂಪು, ನಿಶ್ಶಬ್ದ. ಆಯಿ ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿ ಕೂತು, “ಇಲ್ಲಿ ಯಾರೂ ಊಟಕ್ಕ ಕೇಳಂಗಿಲ್ಲ ನೋಡು” ಎಂದು ನಗುತ್ತಿದ್ದಳು. ನಾವೂ ನಗುತ್ತಿದ್ದೆವು.

ಮುಂದೆ ಏನಾಯಿತು ಗೊತ್ತೇ? ಹತ್ತನೆಯ ತರಗತಿ ಮುಗಿದ ಮೇಲೆ ಕೆಲವು ವರ್ಷಕ್ಕೆ ನನ್ನ ಲಗ್ನ ಗೊತ್ತಾಯಿತು. ವರನ ಊರು ಬಸವಕಲ್ಯಾಣ! “ನಿನ್ನ ಪುಣ್ಯಾ, ಇನ್ನ ವರ್ಷಪೂರ್ತಿ ಸೂಟಿ” ಎಂದು ಗೆಳತಿಯರು ಚೇಷ್ಟೆ ಮಾಡಿದರು. ಅದೇ ಕೋಟೆ, ಅದೇ ಕೆರೆ, ಅದೇ ಮಾಳಿಗೆಯ ಬಿಸಿಲು. ಆದರೆ ಈಗ ಶಾವಿಗೆ ಹೊಸೆಯುವ ಕೈ ನನ್ನದು, ಕಾಗೆ ಕಾಯುವ ಮಕ್ಕಳು ನಾದಿನಿಯರವು. ಊರು ಬದಲಾಗಲಿಲ್ಲ, ನಾನು ಕೂಡುವ ಜಾಗ ಬದಲಾಯಿತು. ನಡುಮನೆಯಿಂದ ಅಡಿಗೆಮನೆಗೆ ಹತ್ತು ಹೆಜ್ಜೆ ಅಷ್ಟೇ. ಅತ್ತೆಯವರು ಮಗಳಂತೆ ನೋಡಿಕೊಂಡರು; ಇದು ಯಾರ ಮೇಲಿನ ದೂರೂ ಅಲ್ಲ. ಅವರೂ ಅದೇ ಒಲೆಯ ಮುಂದೆ ಮೂವತ್ತು ಬೇಸಗೆ ಕಳೆದವರೇ.

ನೀವು ಅನ್ನಬಹುದು, “ಕಾಯಕದ ಮಹಿಮೆ ಸಾರಿದ ಊರಿನಲ್ಲಿದ್ದು ಸೂಟಿ ಕೇಳ್ತೀಯಲ್ಲ!” ನನಗೂ ಹಾಗೇ ಅನಿಸಿತ್ತು. ಆದರೆ ಹನ್ನೆರಡನೆಯ ಶತಮಾನದ ಶರಣರು ಬರೀ ದುಡಿದವರಲ್ಲ. ಕಾಯಕದ ಜೊತೆಗೆ ಅನುಭವ ಮಂಟಪದಲ್ಲಿ ಕೂತು ಮಾತಾಡಿದವರು. ಅಲ್ಲಿ ಹೆಣ್ಣುಮಕ್ಕಳಿಗೂ ಕೂಡಲು ಜಾಗವಿತ್ತು, ಮಾತಿಗೆ ಬೆಲೆಯಿತ್ತು. ದುಡಿಮೆಗೆ ಮರ್ಯಾದೆ ಇದೆ ಎಂದರೆ ದುಡಿದವಳಿಗೆ ಕೂತು ಮಾತಾಡುವ ಒಂದು ಹೊತ್ತೂ ಇರಬೇಕಲ್ಲವೇ?

ಅದಕ್ಕೂ ಹಿಂದಿನ ಮಾತು ಕೇಳಿ. ಗ್ರಂಥಾಲಯದಿಂದ ತಂದ ಪುಸ್ತಕವೊಂದರಲ್ಲಿ ಓದಿದೆ. ಇದೇ ಕಲ್ಯಾಣದಲ್ಲಿ ಆಳಿದ ಚಾಲುಕ್ಯರ ಮೂರನೆಯ ಸೋಮೇಶ್ವರ ರಾಜ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಎಂಬ ದೊಡ್ಡ ಗ್ರಂಥ ಬರೆಸಿದ್ದಾನೆ. ಅವನ ಆಳಿಕೆ 1126ರಿಂದ 1138. ಅದರಲ್ಲಿ ನೂರು ಅಧ್ಯಾಯ. ಇಡ್ಲಿ, ವಡೆಯಂಥ ತಿಂಡಿಗಳ ವಿಧಾನವೂ ಇದೆ. ಆಟಗಳಿಗೆಂದೇ ಇಪ್ಪತ್ತು ಅಧ್ಯಾಯ: ಬೆಟ್ಟದ ಆಟ, ತೋಟದ ಆಟ, ಉಯ್ಯಾಲೆಯ ಆಟ, ನೀರಾಟ, ಮರಳಿನ ಆಟ, ಬೆಳದಿಂಗಳ ಆಟ! ಒಂಬೈನೂರು ವರ್ಷದ ಹಿಂದೆಯೇ ಅರಸರಿಗೆ ಸೂಟಿಯ ಮಹತ್ವ ಗೊತ್ತಿತ್ತು. ಆ ಬೆಳದಿಂಗಳ ಆಟದ ದಿನ ಪಾತ್ರೆ ತಿಕ್ಕಿದವರು ಯಾರು ಎಂಬ ಪ್ರಶ್ನೆ ಮಾತ್ರ ನನಗೆ ಬಂತು. ನಿಮಗೂ ಬರುತ್ತಿತ್ತು, ಅಲ್ಲವೇ?

ಹಾಗೆಂದು ನಮ್ಮ ಹಿರಿಯರು ಹೆಣ್ಣುಮಕ್ಕಳನ್ನು ಪೂರ್ತಿ ಮರೆತವರಲ್ಲ. ನಾಗರ ಪಂಚಮಿ ಬಂತೆಂದರೆ ಅಣ್ಣ ಕರೆಯಲು ಬರಬೇಕು, ತಂಗಿ ತವರಿಗೆ ಹೋಗಬೇಕು, ಜೋಕಾಲಿ ಜೀಕಬೇಕು, ಉಂಡಿ ತಿನ್ನಬೇಕು. ನಮ್ಮ ಸೀಮೆಯ ಎಳ್ಳಮಾವಾಸ್ಯೆಗೆ ಊರಿಗೆ ಊರೇ ಹೊಲಕ್ಕೆ ಹೊರಡುತ್ತದೆ. ಚರಗ ಚೆಲ್ಲಿ ಗಿಡದ ನೆರಳಿಗೆ ಕೂತು ಸಜ್ಜೆ ರೊಟ್ಟಿ, ಕಡುಬು, ಭಜ್ಜಿ ಪಲ್ಯ, ಅಂಬಲಿ ಉಣ್ಣುವ ಸುಖ ಯಾವ ಹೋಟೆಲಿನಲ್ಲಿದೆ? ಆದರೆ ಆ ಭಜ್ಜಿಗಾಗಿ ಹತ್ತೆಂಟು ತರದ ಕಾಯಿಪಲ್ಯ, ಹಸಿ ಕಾಳು ಬಿಡಿಸಿ ಹೆಚ್ಚುವವರು ಹಿಂದಿನ ರಾತ್ರಿ ಎಷ್ಟು ಹೊತ್ತು ಮಲಗಿರುತ್ತಾರೆ? ಪಂಚಮಿಯ ಲೆಕ್ಕವೂ ಅಷ್ಟೇ. ನಾನು ತವರಿಗೆ ಹೋಗಿ ಜೋಕಾಲಿ ಮೇಲೆ ಕೂತಾಗ ಉಂಡಿ ಕಟ್ಟುವವಳು ನಮ್ಮ ವೈನಿ. ವೈನಿ ತನ್ನ ತವರಿಗೆ ಹೋದರೆ ಅಲ್ಲಿ ಅವಳ ವೈನಿ. ಒಬ್ಬಳ ಸೂಟಿ ಇನ್ನೊಬ್ಬಳ ಬೆವರಿನ ಮೇಲೆ ನಿಂತಿದೆ. ಈ ಸರಪಳಿಯಲ್ಲಿ ಒಲೆ ಮಾತ್ರ ಎಲ್ಲೂ ಆರುವುದಿಲ್ಲ.

ಇದನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು 2023ರ ದಸರಾ ಸೂಟಿಗೆ ಹುಮನಾಬಾದಿಗೆ ಹೋದೆ. ಆ ವರ್ಷ ಜೂನ್ 11ರಿಂದ ಶಕ್ತಿ ಯೋಜನೆ ಬಂದು ರಾಜ್ಯದ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಟಿಕೀಟಿನ ದುಡ್ಡು ಇಲ್ಲವಾಗಿತ್ತು. ದುಡ್ಡು ಉಳಿದದ್ದು ಒಂದು ಮಾತು. ಆದರೆ “ಬಸ್ಸಿಗೆ ನೂರು ರೂಪಾಯಿ ಕೊಡ್ರಿ” ಎಂದು ಕೈ ಚಾಚುವ ಕೆಲಸ ತಪ್ಪಿತಲ್ಲ, ಅದು ದೊಡ್ಡ ಮಾತು. ರಾತ್ರಿ ಊಟದ ಹೊತ್ತಿಗೆ ಹೇಳಿಯೇಬಿಟ್ಟೆ: “ನಾಳೆ ಈ ಮನ್ಯಾಗ ಹೆಣ್ಣುಮಕ್ಕಳು ಒಲಿ ಹಚ್ಚಂಗಿಲ್ಲ. ಅವ್ವ, ವೈನಿ, ನಾನು ಜಲಸಂಗ್ವಿಗೆ ಹೊಂಟೀವಿ.” ಅಣ್ಣ ಗಾಬರಿಯಾಗಿ, “ಮತ್ತ ನಮ್ಮ ಊಟ?” ಎಂದ. ವೈನಿ ತಲೆ ತಗ್ಗಿಸಿದಳು. ಉತ್ತರ ಕೊಟ್ಟವಳು ಎಪ್ಪತ್ತು ದಾಟಿದ ಅವ್ವ: “ಉಪ್ಪಿಟ್ಟು ಮಾಡ್ಕೋ. ರವಾ ಡಬ್ಬಿ ಮ್ಯಾಲಿನ ಫಳಿ ಮ್ಯಾಲದ.”

ಜಲಸಂಗ್ವಿ ಹುಮನಾಬಾದ ತಾಲೂಕಿನದೇ ಹಳ್ಳಿ. ಅಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ಶಿವಾಲಯವಿದೆ. ಹೊರಗೋಡೆಯ ತುಂಬ ಶಿಲಾಬಾಲಿಕೆಯರು. ಬೇಲೂರಿನ ಶಿಲಾಬಾಲಿಕೆಯರಿಗೆ ಇವರು ಅಕ್ಕಂದಿರು ಎಂದು ಬಲ್ಲವರು ಹೇಳುತ್ತಾರೆ. ಅವರಲ್ಲಿ ಒಬ್ಬಳಂತೂ ನಾನು ಮರೆಯಲಾರದವಳು. ನಿಂತುಕೊಂಡು ಶಾಸನ ಬರೆಯುತ್ತಿದ್ದಾಳೆ! ಅಕ್ಷರಗಳೂ ಕಲ್ಲಿನಲ್ಲಿ ಹಾಗೇ ಇವೆ. 1076ರಿಂದ 1126ರ ತನಕ ಆಳಿದ ಆರನೆಯ ವಿಕ್ರಮಾದಿತ್ಯನ ಹೊಗಳಿಕೆ ಅದು, ಸಂಸ್ಕೃತದಲ್ಲಿ. “ಏನ್ ಬರೀಲಿಕತ್ಯಾಳ ಆಕಿ?” ಎಂದು ಅವ್ವ ಕೇಳಿದಳು. ಹೇಳಿದೆ. ಅವ್ವ ಸ್ವಲ್ಪ ಹೊತ್ತು ನೋಡುತ್ತ ನಿಂತು, “ಅಂದ್ರ ಕೈ ಈಕಿದು, ಹೆಸರು ರಾಜಂದು” ಎಂದಳು.

ಗುಡಿಯಿಂದ ಹೊರಬಂದು ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಕಟಿ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಉಳ್ಳಾಗಡ್ಡಿ. ಬಡಿಸುವವರು ಯಾರೂ ಇಲ್ಲ, ಬಡಿಸಿಕೊಳ್ಳುವವರೂ ಇಲ್ಲ. ವೈನಿ ಮೊದಲ ತುತ್ತು ಬಾಯಿಗಿಟ್ಟು ಸುಮ್ಮನಾದಳು. ಆಮೇಲೆ ಮೆಲ್ಲಗೆ, “ಲಗ್ನ ಆಗಿ ಹದಿನೆಂಟು ವರ್ಷಾತು ವೈನಿ, ಮಧ್ಯಾಹ್ನದ ಹೊತ್ತಿಗೆ ಎಲ್ಲಾರಕಿಂತ ಮೊದಲ ಊಟಕ್ಕ ಕೂತದ್ದು ಇವತ್ತ” ಎಂದಳು. ನನಗೆ ಆ ಗವಿಯ ತಂಪಿನಲ್ಲಿ ಕಾಲು ಚಾಚಿ ಕೂತ ಆಯಿ ನೆನಪಾದಳು. ಯಾರೂ ಮಾತಾಡಲಿಲ್ಲ. ಸಂಜೆ ಮನೆಗೆ ಬಂದಾಗ ಉಪ್ಪಿಟ್ಟಿಗೆ ಉಪ್ಪು ಕಡಿಮೆಯಾಗಿತ್ತು, ಅಡಿಗೆಮನೆ ರಣರಂಗವಾಗಿತ್ತು. ಆದರೆ ಯಾರೂ ಹಸಿದಿರಲಿಲ್ಲ! ಅಂದಿನಿಂದ ನಾನು ತವರಿಗೆ ಹೋದಾಗಲೆಲ್ಲ ಒಂದು ದಿನ ಒಲೆ ಗಂಡಸರ ಪಾಲಿಗೆ. ನಮ್ಮ ಬಸವಕಲ್ಯಾಣದ ಮನೆಗೆ ನಾದಿನಿಯರು ಬಂದಾಗಲೂ ಇದೇ ಕಟ್ಟಳೆ. ಅತ್ತೆಯವರೇ ಮುಂದೆ ನಿಂತು ಹೊರಡಿಸುತ್ತಾರೆ.

ನೀವೂ ಮಾಡಬೇಕೆಂದರೆ ಎರಡೇ ಸೂಚನೆ. ಮೊದಲನೆಯದು, ಹಿಂದಿನ ದಿನವೇ ಎಲ್ಲರ ಮುಂದೆ ಹೇಳಿ. ಕದ್ದು ಹೋಗುವ ಕೆಲಸವಲ್ಲ ಇದು. ಎರಡನೆಯದು, ಮನೆಯಲ್ಲಿ ಉಳಿಯುವವರಿಗಾಗಿ ರಾತ್ರಿಯೇ ಎದ್ದು ಅಡಿಗೆ ಮಾಡಿಟ್ಟು ಹೋಗಬೇಡಿ. ಹಾಗೆ ಮಾಡಿದರೆ ಎಳ್ಳಮಾವಾಸ್ಯೆಯ ಲೆಕ್ಕವೇ ಆಯಿತು. ಡಬ್ಬಿ ಎಲ್ಲಿವೆ ಎಂದು ತೋರಿಸಿದರೆ ಸಾಕು. ನಿಮ್ಮ ಬುತ್ತಿಗೆ ಬೇಕಾದದ್ದು ವಾರದ ಮೊದಲೇ ಸಿದ್ಧವಾಗಿರಲಿ. ಕಟಿ ರೊಟ್ಟಿ ಹೇಗೂ ದಿನಗಟ್ಟಲೆ ಇರುತ್ತದೆ. ಜೊತೆಗೆ ಈ ಹಿಂಡಿ ಮಾಡಿಟ್ಟುಕೊಳ್ಳಿ.

ಶೇಂಗಾ ಹಿಂಡಿ

ಬೇಕಾಗುವ ಸಾಮಾನು: ಶೇಂಗಾ ಕಾಲು ಕಿಲೋ, ಬೆಳ್ಳುಳ್ಳಿ 12 ಎಸಳು, ಜೀರಿಗೆ 1 ಚಮಚ, ಖಾರದಪುಡಿ 3 ಚಮಚ, ರುಚಿಗೆ ಉಪ್ಪು.

ಮಾಡುವ ವಿಧಾನ: ಶೇಂಗಾವನ್ನು ಸಣ್ಣ ಉರಿಯಲ್ಲಿ ಹದವಾಗಿ ಹುರಿಯಿರಿ. ಪೂರ್ತಿ ಆರಿದ ಮೇಲೆ ತಿಕ್ಕಿ ಸಿಪ್ಪೆ ತೆಗೆಯಿರಿ. ಮೊದಲು ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಖಾರದಪುಡಿಯನ್ನು ಒರಳಲ್ಲಿ ಕುಟ್ಟಿಕೊಂಡು, ಆಮೇಲೆ ಶೇಂಗಾ ಹಾಕಿ ತರಿತರಿಯಾಗಿ ಕುಟ್ಟಿ. ಎಣ್ಣೆ ಬಿಟ್ಟು ಮುದ್ದೆಯಾಗುವ ಮೊದಲೇ ನಿಲ್ಲಿಸಿ. ಮಿಕ್ಸಿಯಾದರೆ ಬಿಟ್ಟು ಬಿಟ್ಟು ತಿರುಗಿಸಿ. ನೀರು ತಾಗದ ಡಬ್ಬಿಯಲ್ಲಿಟ್ಟರೆ ವಾರವಾದರೂ ಕೆಡದು.

ಈ ಸೂಟಿಗೆ ತವರಿಗೆ ಹೋದಾಗ ಒಂದು ಕೆಲಸ ಮಾಡಿ, ಸೋದರಿಯರೇ. ನಿಮ್ಮ ವೈನಿಯನ್ನು ಪಕ್ಕಕ್ಕೆ ಕೂಡಿಸಿಕೊಂಡು, “ನಿನಗ ಎಲ್ಲಿಗೆ ಹೋಗಬೇಕು ಅನಸ್ತದ?” ಎಂದು ಕೇಳಿ. ಉತ್ತರ ಬರಲು ತಡವಾದೀತು, ಆ ಪ್ರಶ್ನೆ ಅವಳಿಗೆ ಹೊಸದು. ಸ್ವಲ್ಪ ಕಾಯಿರಿ.