ಬಿಲ್ಲೆಗಿಂತ ತೂತು ಮೇಲು

ಹಳೆಯ ಸೈನಿಕ ಉಡುಪುಗಳಿಗೆ ಈಗ ಒಳ್ಳೆಯ ಕಾಲ ಬಂದಂತಿದೆ. ಭಟ್ಕಳ, ಹೊನ್ನಾವರ, ಕುಮಟೆಗಳ ಹಳೆಯ ಮನೆಗಳ ಅಟ್ಟದ ಮೇಲೆ ಗೆದ್ದಲಿಗೂ ಜಿರಲೆಗೂ ಬಿಟ್ಟುಕೊಟ್ಟಿದ್ದ ಖಾಕಿ ಕೋಟು, ಚರ್ಮದ ಪಟ್ಟಿ, ಹಿತ್ತಾಳೆಯ ಗುಂಡಿಗಳನ್ನು ಕೇಳಿಕೊಂಡು ಗಿರಾಕಿಗಳು ಬರುತ್ತಿದ್ದಾರೆ. ಬರಲಿ. ಒಲೆಗೆ ಹೋಗಬೇಕಾಗಿದ್ದುದು ಗಾಜಿನ ಕಪಾಟಿಗೆ ಹೋದರೆ ಸಂತೋಷಪಡದವರಾರು? ಕೊಳ್ಳುವವರ ಮೇಲೆ ನನಗೆ ತಕರಾರಿಲ್ಲ. ಕೊಂಡದ್ದನ್ನು ‘ಪೂರ್ತಿ’ ಮಾಡುವವರ ಮೇಲೆ ಇದೆ.

ಬಜಾರಿನ ನ್ಯಾಯ ಸರಳವಾದದ್ದು. ಬರಿಯ ಕೋಟಿಗೆ ಬೆಲೆ ಕಡಿಮೆ; ಕೊರಳಪಟ್ಟಿಯ ಮೇಲೆ ಪಟಾಲಮಿನ ಬಿಲ್ಲೆಯಿದ್ದರೆ ಹೆಚ್ಚು; ಆ ಬಿಲ್ಲೆ ಹೆಸರಾದ ಯುದ್ಧವೊಂದನ್ನು ನೆನಪಿಗೆ ತರುವಂತಿದ್ದರೆ ಇನ್ನೂ ಹೆಚ್ಚು. ಬಿಲ್ಲೆ ಕಳಚಿಹೋಗಿದ್ದರೆ? ಎರಕ ಹೊಯ್ದ ಹೊಸ ಬಿಲ್ಲೆಗಳು ಬೇಕಾದಷ್ಟು ಸಿಗುತ್ತವೆ. ಚಹದ ಕಷಾಯದಲ್ಲಿ ಅದ್ದಿ ತೆಗೆದರೆ ಹೊಲಿಯುವ ದಾರಕ್ಕೂ ವಯಸ್ಸಾಗುತ್ತದೆ. ಹೀಗೆ ಒಂದೇ ಸಂಜೆಯಲ್ಲಿ ಅನಾಮಧೇಯನೊಬ್ಬ ಮಹಾವೀರನಾಗಿಬಿಡುತ್ತಾನೆ. ‘ಇದರಲ್ಲಿ ಮೋಸವೇನು ಬಂತು? ಕೋಟು ಹಳೆಯದೇ, ಅಭಿಮಾನವೂ ನಿಜವೇ’ ಎಂದು ವಾದಿಸುವ ಮಹಾಶಯರಿದ್ದಾರೆ. ಮೋಸ ಎಲ್ಲಿದೆಯೆಂಬುದನ್ನು ಬಿಡಿಸಿ ಹೇಳಲೇಬೇಕಾಗಿದೆ.

ಕನ್ನಡ ಪಾಠ ಹೇಳುವವನಿಗೆ ಸಿಪಾಯಿಯ ಕೋಟಿನ ಗೊಡವೆಯೇಕೆಂದು ಕೆಲವರು ಕೇಳಬಹುದು. ತಾಳೆಗರಿಯ ಪ್ರತಿಯಲ್ಲಿ ಹುಳು ತಿಂದ ಅಕ್ಷರಗಳ ಜಾಗದಲ್ಲಿ ಪ್ರಾಮಾಣಿಕನಾದ ಸಂಪಾದಕ ಚುಕ್ಕೆಗಳನ್ನಿಡುತ್ತಾನೆ. ಛಂದಸ್ಸು ತನಗೆ ಗೊತ್ತೆಂದು ಸ್ವಂತದ ಪದವೊಂದನ್ನು ಅಲ್ಲಿ ತುರುಕಿದವನನ್ನು ನಾವು ಪಾಠ ಕೆಡಿಸಿದವನೆನ್ನುತ್ತೇವೆ. ಕೋಟೂ ಅಂಥದೊಂದು ಪ್ರತಿಯೇ. ಬಿಲ್ಲೆ ಕಿತ್ತುಹೋದಲ್ಲಿ ಉಳಿದ ಎರಡು ತೂತು. ಸುತ್ತಲಿನ ಬಟ್ಟೆ ಬಿಸಿಲಿಗೆ ಮಾಸಿದ್ದರೂ ಬಿಲ್ಲೆಯ ನೆರಳಿನಲ್ಲಿ ಮಾಸದೆ ಉಳಿದ ಬಣ್ಣದ ಆಕಾರ. ನಮ್ಮ ಕಡಲ ಗಾಳಿಗೆ ಹಿತ್ತಾಳೆ ಕಿಲುಬಿ ಬಟ್ಟೆಗೆ ಹತ್ತಿದ ಹಸಿರು ಕಲೆ: ಇವು ಆ ಪ್ರತಿಯ ಅಕ್ಷರಗಳು. ಅವುಗಳ ಮೇಲೆ ಹೊಸ ಬಿಲ್ಲೆ ಹೊಲಿಯುವುದೆಂದರೆ ಅಕ್ಷರದ ಮೇಲೆ ಮಸಿ ಬಳಿದಂತೆ.

ಉದಾಹರಣೆಯಿಲ್ಲದೆ ಆರೋಪ ಹೊರಿಸುವುದು ಸಲ್ಲದು. ಈ ಮೂರು ಪೇಟೆಗಳ ಪೈಕಿ ಒಂದರಲ್ಲಿ ಏರ್ಪಟ್ಟಿದ್ದ ಪ್ರದರ್ಶನವೊಂದರಲ್ಲಿ ನಾನು ಅಂಥ ಕೋಟೊಂದನ್ನು ಕಂಡೆ. ಕೊರಳಪಟ್ಟಿಯ ಎರಡು ಬದಿಗೂ ಗಂಡಭೇರುಂಡ. ಹೆಗಲ ಮೇಲೆ ಐದು ಮೂಲೆಯ ನಕ್ಷತ್ರ. ಎದೆಗೆ ಒಂದು ಕಂಚಿನ ಪದಕ. ಕೆಳಗೆ ‘ಹೈಫಾ ವೀರನ ಉಡುಪು’ ಎಂಬ ಫಲಕ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಡನೆ ಮೈಸೂರಿನ ಅಶ್ವದಳ ಹೈಫಾ ನಗರವನ್ನು ಗೆದ್ದದ್ದು ಇತಿಹಾಸ, ಕನ್ನಡಿಗರು ಹೆಮ್ಮೆಪಡತಕ್ಕದ್ದೇ. ಆದರೆ ಆ ಹೆಮ್ಮೆಯ ಕೂಲಿಯನ್ನು ಈ ಕೋಟಿನಿಂದ ವಸೂಲು ಮಾಡಬಹುದೇ?

ಮೊದಲು ನಕ್ಷತ್ರವನ್ನು ನೋಡೋಣ. ಇಂಗ್ಲಿಷರ ಕಾಲದಲ್ಲಿ ಅಧಿಕಾರಿಗಳ ಹೆಗಲ ಮೇಲಿದ್ದುದು ಅವರ ‘ಬಾತ್’ ಪದವಿಯ ನಕ್ಷತ್ರ. ಅದರ ಮಾಟವೇ ಬೇರೆ. 1950ರ ಜನವರಿ 26ರಂದು ನಾವು ಗಣರಾಜ್ಯವಾದ ಮೇಲೆ ಕಿರೀಟದ ಜಾಗಕ್ಕೆ ಅಶೋಕನ ಸಿಂಹ ಬಂತು, ಆ ನಕ್ಷತ್ರದ ಜಾಗಕ್ಕೆ ಐದು ಮೂಲೆಯದು ಬಂತು. 1918ರ ಸವಾರನಿಗೆ 1950ರ ನಕ್ಷತ್ರವನ್ನು ಯಾವ ದೇವತೆ ತಂದುಕೊಟ್ಟಿತೋ!

ಇನ್ನು ಗಂಡಭೇರುಂಡ. ಅದು ಮೈಸೂರು ಸಂಸ್ಥಾನದ ಲಾಂಛನ. 1918ರಲ್ಲಿ ಭಟ್ಕಳ, ಹೊನ್ನಾವರ, ಕುಮಟೆಗಳು ಮೈಸೂರಿನವಲ್ಲ. 1862ರಿಂದ ನಮ್ಮ ಜಿಲ್ಲೆ ಮುಂಬಯಿ ಇಲಾಖೆಗೆ ಸೇರಿತ್ತು. ಮೈಸೂರಿನೊಡನೆ ಒಂದಾದದ್ದು 1956ರ ನವೆಂಬರ್ 1ರಂದು. ಇಲ್ಲಿಯ ಮನೆಯೊಂದರ ಅಟ್ಟದಲ್ಲಿ ಮೈಸೂರಿನ ಬಿಲ್ಲೆ ಸಿಗುವುದು ಅಸಾಧ್ಯವಲ್ಲ; ಆದರೆ ಅದು ಕಾಗದಪತ್ರದ ಸಾಕ್ಷಿ ಬೇಡುವ ಮಾತು. ಬೆಳಗಾವಿಯ ಮರಾಠಾ ದಂಡಿನ ಕಹಳೆಯ ಚಿಹ್ನೆ ಸಿಕ್ಕಿದ್ದರೆ ಇಷ್ಟು ಹುಬ್ಬೇರಿಸಬೇಕಾಗಿರಲಿಲ್ಲ.

ಕಡೆಗೆ ಪದಕ. ಅದು ಕೋಟಿನ ಜತೆಯಲ್ಲೇ ಅದೇ ಮನೆಯಿಂದ ಬಂದದ್ದೆಂದು ವ್ಯವಸ್ಥಾಪಕರೇ ಹೇಳಿದರು. ಅದರ ಮೇಲೆ ಯಾರ ಕೈಯೂ ಆಡಿರಲಿಲ್ಲ. ಮೊದಲನೆಯ ಮಹಾಯುದ್ಧದ ಈ ಪದಕ ಸಾಮಾನ್ಯವಾಗಿ ಬೆಳ್ಳಿಯದು; ಕಂಚಿನದು ಕೂಲಿದಳಗಳ ಜನರಿಗೆ ಕೊಟ್ಟದ್ದು. ಅದರ ಅಂಚಿನ ಸುತ್ತ ಪಡೆದವನ ಸಂಖ್ಯೆ, ಹೆಸರು, ದಳಗಳನ್ನು ಒತ್ತಿರುತ್ತಾರೆ. ಅಂಚನ್ನು ತಿರುಗಿಸಿ ಓದಿದೆ. ಕೂಲಿದಳದವನೇ. ಕುದುರೆ ಹತ್ತಿದವನಲ್ಲ, ಹೊರೆ ಹೊತ್ತವನು. ಆ ಯುದ್ಧಕ್ಕಾಗಿ 10 ಲಕ್ಷಕ್ಕೂ ಮೇಲ್ಪಟ್ಟು ಭಾರತೀಯರು ಸಮುದ್ರ ದಾಟಿದರು. ಅವರಲ್ಲಿ ಲಕ್ಷಾಂತರ ಮಂದಿ ಬಂದೂಕು ಹಿಡಿದವರಲ್ಲ. ರಸ್ತೆ ಕಡಿದವರು, ಹೇಸರಗತ್ತೆ ನಡೆಸಿದವರು, ಗಾಯಾಳುಗಳನ್ನು ಹೊತ್ತವರು. ಇವನೂ ಅಂಥವರಲ್ಲೊಬ್ಬ. ಅವನ ಹೆಸರು ಅಂಚಿನಲ್ಲಿ ಸ್ಪಷ್ಟವಾಗಿತ್ತು. ಫಲಕದಲ್ಲಿ ಮಾತ್ರ ಇರಲಿಲ್ಲ.

ಇದನ್ನು ವ್ಯವಸ್ಥಾಪಕರ ಗಮನಕ್ಕೆ ತಂದೆ. ‘ಮಾಸ್ತರರೇ, ಕೂಲಿಯವನೆಂದು ಬರೆದರೆ ನೋಡುವವರಾರು? ಮಕ್ಕಳಿಗೆ ಸ್ಫೂರ್ತಿ ಬೇಡವೇ?’ ಎಂದರು. ಮೋಸ ಎಲ್ಲಿದೆಯೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಬೇಕಾಗಿಲ್ಲ. ನಕಲಿ ಬಿಲ್ಲೆ ಗಿರಾಕಿಯ ಹಣವನ್ನಷ್ಟೇ ತಿನ್ನುವುದಿಲ್ಲ. ಸತ್ತವನೊಬ್ಬನ ಬಾಳನ್ನೇ ಅಳಿಸಿ ಅಲ್ಲಿ ಬೇರೊಬ್ಬನನ್ನು ಕೂಡಿಸುತ್ತದೆ. ಹೊರೆ ಹೊತ್ತವನ ಬೆನ್ನಿಗೆ ಗೌರವ ಸಲ್ಲಿಸಲಾರದವರು ಅವನ ಎದೆಗೆ ಸವಾರನ ಬಿಲ್ಲೆ ಚುಚ್ಚಿ ಗೌರವಿಸಿದೆವೆಂದು ಹೇಳಿಕೊಳ್ಳಬಾರದು.

‘ಯಕ್ಷಗಾನದಲ್ಲಿ ಬೇಗಡೆ ಹಚ್ಚಿದ ಕಿರೀಟ ಕಟ್ಟುವುದಿಲ್ಲವೇ?’ ಎಂದು ಇನ್ನೊಬ್ಬ ಮಿತ್ರರು ಆಕ್ಷೇಪಿಸಿದರು. ಕಟ್ಟುತ್ತಾರೆ. ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ ಕೆರೆಮನೆಯವರ ಮೇಳ 1934ರಿಂದ ಆ ಕಿರೀಟಕ್ಕೆ ಮಾನ ತಂದಿದೆ. ಅದು ವೇಷವೆಂದು ಕಟ್ಟಿದವನಿಗೂ ಗೊತ್ತು, ನೋಡುವವನಿಗೂ ಗೊತ್ತು; ಬೆಳಗಾದರೆ ಬಿಚ್ಚಿ ಪೆಟ್ಟಿಗೆಗೆ ಹಾಕುತ್ತಾರೆ. ವೇಷವೆಂದು ಹೇಳಿಕೊಂಡ ವೇಷ ಸುಳ್ಳಲ್ಲ. ಸಾಕ್ಷಿಯೆಂದು ಹೇಳಿಕೊಂಡ ವೇಷ ಸುಳ್ಳು.

ಅಸಲು ನಕಲುಗಳನ್ನು ಅರಿಯಲು ಮಹಾ ಪಾಂಡಿತ್ಯವೇನೂ ಬೇಕಾಗಿಲ್ಲ. ಅಚ್ಚೊತ್ತಿದ ಬಿಲ್ಲೆಯ ಗೆರೆಗಳು ಚೂಪಾಗಿರುತ್ತವೆ. ಅದನ್ನು ನೋಡಿ ಎರಕ ಹೊಯ್ದ ನಕಲಿನ ಮೈ ಹಿಟ್ಟು ಚೆಲ್ಲಿದಂತೆ ತರಿತರಿ. 1901ರಿಂದ 1952ರವರೆಗಿನ ಇಂಗ್ಲಿಷ್ ಕಿರೀಟದ ಕಮಾನುಗಳು ಗುಮ್ಮಟದಂತೆ ಏರಿರುತ್ತವೆ. ಎಲಿಜಬೆತ್ ರಾಣಿಯ ಕಿರೀಟದ ಕಮಾನು ನಡುವೆ ತಗ್ಗುತ್ತದೆ. ಆಕೆ ಪಟ್ಟಕ್ಕೆ ಬರುವ ಹೊತ್ತಿಗೆ ನಾವು ಗಣರಾಜ್ಯ. ಆದುದರಿಂದ ‘ಎರಡನೆಯ ಮಹಾಯುದ್ಧದ ಭಾರತೀಯ ಬಿಲ್ಲೆ’ಯಲ್ಲಿ ಆ ತಗ್ಗು ಕಂಡರೆ ನಮಸ್ಕಾರ ಹೇಳಿ ಮನೆಗೆ ಬನ್ನಿ. ಬಿಲ್ಲೆ ಹೊಲಿದ ದಾರದ ಎಳೆಯೊಂದನ್ನು ಸುಟ್ಟು ನೋಡಿ: ಹತ್ತಿ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗುಂಡಾಗುತ್ತದೆ. ಪಾಲಿಯೆಸ್ಟರ್ ದಾರ 1918ರಲ್ಲಿ ಹುಟ್ಟಿಯೇ ಇರಲಿಲ್ಲ. ನೋಟು ಪರೀಕ್ಷಿಸುವ ನೇರಳೆ ದೀಪದಡಿ ಬಟ್ಟೆ ಬೆಳ್ಳಗೆ ಹೊಳೆದರೆ ಅನುಮಾನಪಡಿ. ಆದರೆ ಇತ್ತೀಚಿನ ಸಾಬೂನುಪುಡಿಯಲ್ಲಿ ಒಗೆದ ಹಳೆಯ ಕೋಟೂ ಹೊಳೆಯುತ್ತದೆಂಬುದನ್ನು ಮರೆಯಬೇಡಿ. ಪದಕದ ಅಗಲವನ್ನು ಅಳೆಯಿರಿ: ನಾನು ಹೇಳಿದ ಪದಕ 36 ಮಿಲಿಮೀಟರು. ಹಳೆಯ ಹೆಸರನ್ನು ಅರದಿಂದ ತೀಡಿ ಹೊಸ ಹೆಸರು ಕೊರೆದಿದ್ದರೆ ಅಳತೆ ಅಷ್ಟರಮಟ್ಟಿಗೆ ಕುಗ್ಗಿರುತ್ತದೆ.

ಮನೆಯವರಲ್ಲಿಯೂ ಒಂದು ಮಾತು. ಅಜ್ಜನ ಕೋಟನ್ನು ಮಾರುವುದಾದರೆ ಮಾರಿ. ಕಷ್ಟಕಾಲದಲ್ಲಿ ಯಾರನ್ನೂ ದೂರಲಾಗದು. ಆದರೆ ಕೋಟು ಒಬ್ಬನಿಗೆ, ಪದಕ ಇನ್ನೊಬ್ಬನಿಗೆ, ಬಿಡುಗಡೆಯ ಕಾಗದ ರದ್ದಿಯವನಿಗೆ ಎಂದು ಹಂಚಬೇಡಿ. ಹಿತ್ತಾಳೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ನೂರು ವರ್ಷ ದಾಟಿದ ಐತಿಹಾಸಿಕ ವಸ್ತುವನ್ನು 1972ರ ಕಾಯಿದೆ ಪ್ರಾಚೀನ ವಸ್ತುವೆಂದು ಎಣಿಸುತ್ತದೆ. ಪರವಾನಗಿಯಿಲ್ಲದವನು ಅದರ ವ್ಯಾಪಾರ ಮಾಡುವಂತಿಲ್ಲ. ಮೊದಲನೆಯ ಮಹಾಯುದ್ಧದ ಕೋಟುಗಳು ಆ ಗೆರೆ ದಾಟಿವೆ.

ನಮ್ಮ ಕಡೆಯ ವೀರಗಲ್ಲುಗಳಲ್ಲಿ ಎಷ್ಟೋ ಕಲ್ಲುಗಳ ಬರಹ ಸವೆದುಹೋಗಿದೆ. ಕೆಲವದರಲ್ಲಿ ಬರಹವೇ ಇಲ್ಲ. ಹಾಗೆಂದು ಅವುಗಳ ಮೇಲೆ ಯಾವನೋ ಪ್ರಸಿದ್ಧ ವೀರನ ಹೆಸರು ಕೆತ್ತುವ ಧೈರ್ಯ ನಮಗೆ ಬಂದಿಲ್ಲ. ಕಲ್ಲಿಗೆ ಸಲ್ಲಿಸುವ ಈ ಮರ್ಯಾದೆ ಬಟ್ಟೆಗೂ ಸಲ್ಲಲಿ. ಬಿಲ್ಲೆಯಿಲ್ಲದ ಕೋಟನ್ನು ಬಿಲ್ಲೆಯಿಲ್ಲದೆಯೇ ತೂಗುಹಾಕಿ, ಅಂಚಿನಲ್ಲಿರುವ ಹೆಸರನ್ನು ಫಲಕದಲ್ಲಿ ಬರೆಯಿರಿ. ಹೊರೆ ಹೊತ್ತವನು ಹೊರೆ ಹೊತ್ತವನಾಗಿಯೇ ನಿಲ್ಲಲಿ. ಅವನ ಮುಂದೆ ತಲೆ ಬಾಗಲಾರದ ಮಕ್ಕಳಿಗೆ ಹೈಫಾದ ಸವಾರನನ್ನು ತೋರಿಸಿಯೂ ಪ್ರಯೋಜನವಿಲ್ಲ.